ಎಡಗೈಯ ಕೊಕ್ಕರೆ

ನೆರಿಮಾ, ಟೋಕಿಯೊ
೭ ನವೆಂಬರ್ ೧೯೮೨

ಮಾನ್ಯ ನೆಗಿಶಿ ಮೇಷ್ಟ್ರಿಗೆ,

ನಿಮ್ಮ ಚಿತ್ರಕಥೆ ಬರುವ ಮಕ್ಕಳ ಮಾಸಿಕದ ಕೊನೆಯ ಪುಟದಲ್ಲಿ "ಚಿತ್ರಕಾರರಿಗೆ ಪತ್ರ ಬರೆದು ಹುರಿದುಂಬಿಸಿ" ಎಂದು ಕಚೇರಿಯ ವಿಳಾಸ ಹಾಕಿರುತ್ತಾರೆ. ಅದು ಮಕ್ಕಳಿಗೆ ಎಂದು ಗೊತ್ತು. ನನಗೆ ನಲವತ್ತಾರು. ಆದರೂ ಬರೆಯುತ್ತಿದ್ದೇನೆ, ಮಕ್ಕಳಂತೆ ನಿಮ್ಮನ್ನು ಮೇಷ್ಟ್ರೆ ಎಂದೇ ಕರೆಯುತ್ತಿದ್ದೇನೆ, ನಗಬೇಡಿ.

ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಸಂಜೆ ಟೀವಿಯಲ್ಲಿ ಮುಖವಾಡದ ವೀರನ ಕಥೆ "ಉಕ್ಕಿನ ಕೊಕ್ಕರೆ" ನೋಡುತ್ತಿದ್ದೇನೆ. ಅದೇ ಕಥೆಯನ್ನು ತಿಂಗಳಿಗೊಮ್ಮೆ ನಿಮ್ಮ ಚಿತ್ರಗಳಲ್ಲೂ ಓದುತ್ತೇನೆ. ರಾಕ್ಷಸರು ಅವರೇ, ಬೈಗುಳವೂ ಅದೇ. ಆದರೆ ಟೀವಿಯ ಕೊಕ್ಕರೆ ಕತ್ತಿ ಹಿಡಿಯುವುದು ಬಲಗೈಯಲ್ಲಿ, ನಿಮ್ಮ ಕೊಕ್ಕರೆ ಎಡಗೈಯಲ್ಲಿ. ಕತ್ತಿಯೊಂದೇ ಅಲ್ಲ. ಬಾಗಿಲು ತಳ್ಳುವಾಗ, ಮಗುವನ್ನು ಎತ್ತಿಕೊಳ್ಳುವಾಗ, ಬಂಡೆಯಿಂದ ಜಿಗಿಯುವಾಗಲೂ ಎಡಗೈಯೇ ಮುಂದು. ಒಂದೆರಡು ಪುಟವಾದರೆ ಕೈತಪ್ಪು ಎನ್ನಬಹುದು. ಹನ್ನೊಂದು ವರ್ಷ ಯಾರಾದರೂ ಕೈತಪ್ಪು ಮಾಡುತ್ತಾರೆಯೇ?

ನಾನು ಬಟ್ಟೆ ಹೊಲಿಯುವವಳು. ಜನರ ತೋಳಿನ ಅಳತೆ ತೆಗೆದು ತೆಗೆದು, ಯಾರನ್ನು ಕಂಡರೂ ಮೊದಲು ಕೈ ನೋಡುವ ಚಾಳಿ ಅಂಟಿದೆ. ಅದಕ್ಕೇ ಈ ಪ್ರಶ್ನೆ ತಲೆಯಲ್ಲಿ ಹೊಕ್ಕು ಕುಳಿತಿದೆ. ಯಾಕೆ ಎಡಗೈ? ಬಿಡುವಾದಾಗ ಎರಡು ಸಾಲು ಬರೆದರೆ ಸಾಕು.

ಹಿರಾತ್ಸುಕಾ ಮಿನೆಕೊ


ಓಕಿ ದ್ವೀಪ
೨೧ ನವೆಂಬರ್ ೧೯೮೨

ಶ್ರೀಮತಿ ಹಿರಾತ್ಸುಕಾ ಅವರಿಗೆ,

ನಿಮ್ಮ ಪತ್ರ ಕಚೇರಿಯ ಮೇಜುಗಳನ್ನೆಲ್ಲ ಸುತ್ತಿ, ಹಡಗು ಹತ್ತಿ, ನನ್ನ ಹೆಂಡತಿಯ ತವರಿನವರ ಈ ತಂಗುಮನೆಗೆ ಬಂದು ಮುಟ್ಟಿತು. ನಾನು ಎಂಟು ವರ್ಷದಿಂದ ಇಲ್ಲೇ ಇದ್ದೇನೆ. ಮೇಲಿನ ಕೋಣೆಯಲ್ಲಿ ಕೊಕ್ಕರೆ ರಾಕ್ಷಸರನ್ನು ಸದೆಬಡಿಯುತ್ತಿರುತ್ತಾನೆ, ಕೆಳಗೆ ಅತಿಥಿಗಳು ಸ್ಕ್ವಿಡ್ ಮೀನು ತಿನ್ನುತ್ತಿರುತ್ತಾರೆ.

ನನಗೆ ಬರುವ ಪತ್ರಗಳಲ್ಲಿ ಮಕ್ಕಳು ಕೇಳುವುದೇ ಬೇರೆ. ಕೊಕ್ಕರೆ ಮೂತ್ರಕ್ಕೆ ಹೋಗುವುದು ಹೇಗೆ ಎಂದು ಈ ವರ್ಷ ಒಂಬತ್ತು ಜನ ಕೇಳಿದ್ದಾರೆ. ಕೈಯ ವಿಚಾರ ಕೇಳಿದವರು ನೀವೇ ಮೊದಲಿಗರು. ಹೊಲಿಯುವವರ ಕಣ್ಣಿಗೆ ಶರಣು!

ಉತ್ತರ ಇಷ್ಟೇ. ಕೊಕ್ಕರೆ ನಮ್ಮ ಲೋಕದವನಲ್ಲ. ಅವನು ಬಂದ ನಕ್ಷತ್ರದಲ್ಲಿ ಹೃದಯ ಬಲಗಡೆ ಇರುತ್ತದೆ, ಆದ್ದರಿಂದ ಕತ್ತಿ ಎಡಕ್ಕೆ. ಟೀವಿಯವರಿಗೆ ಈ ಗುಟ್ಟು ತಿಳಿಯದು, ಪಾಪ. ಯಾರಿಗೂ ಹೇಳಬೇಡಿ.

ಬೇರೆ ಹಾಳೆಯಲ್ಲಿ ಕೊಕ್ಕರೆಯ ಒಂದು ಚಿತ್ರ ಬರೆದು ಇಟ್ಟಿದ್ದೇನೆ. ಮುಂದೆ ಬರೆಯುವುದಿದ್ದರೆ ನೇರವಾಗಿ ಈ ವಿಳಾಸಕ್ಕೇ ಬರೆಯಿರಿ, ಕಚೇರಿಯವರಿಗೆ ಪತ್ರ ಕಳೆದುಹಾಕುವ ಹವ್ಯಾಸವಿದೆ.

ನೆಗಿಶಿ ಶೋಸಾಕು


ನೆರಿಮಾ
೩೦ ನವೆಂಬರ್ ೧೯೮೨

ನೆಗಿಶಿ ಮೇಷ್ಟ್ರೆ,

ಚಿತ್ರಕ್ಕೆ ತುಂಬಾ ಧನ್ಯವಾದ. ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಅದರಲ್ಲೂ ಎಡಗೈ.

ಆದರೆ ನಕ್ಷತ್ರ, ಹೃದಯ ಎಲ್ಲ ಮಕ್ಕಳಿಗೆ ಹೇಳುವ ಉತ್ತರ. ನನ್ನನ್ನು ಅಷ್ಟು ಸುಲಭವಾಗಿ ಸಾಗಹಾಕಬೇಡಿ. ಟೀವಿಯ ಮೂರನೆಯ ಕಂತು ನಿಮಗೆ ನೆನಪಿರಬಹುದು. ಕಲ್ಲು ಕ್ವಾರಿಯಲ್ಲಿ ಕೊಕ್ಕರೆ ಜಾರಿಬೀಳುತ್ತಾನೆ. ಅದು ಕಥೆಯಲ್ಲಿ ಇರಲಿಲ್ಲ, ನಿಜವಾಗಿ ಜಾರಿದ್ದು. ಮತ್ತೆ ಚಿತ್ರೀಕರಿಸಲು ಹೊತ್ತಿಲ್ಲದೆ ಹಾಗೇ ಬಿಟ್ಟರು. ಆ ಗಳಿಗೆಯಲ್ಲಿ ಬಲಗೈಯ ಕತ್ತಿ ಸುಮ್ಮನೆ ಬಿದ್ದುಹೋಗುತ್ತದೆ, ಎಡಗೈ ತಾನಾಗಿಯೇ ಚಾಚಿ ಬಂಡೆ ಹಿಡಿಯುತ್ತದೆ.

ಪರದೆಯ ಮೇಲೆ ಮುಖ ತೋರಿಸುವ ನಟ ಬೇರೆ, ಮುಖವಾಡ ಹಾಕಿ ಹೊಡೆದಾಡುವವನು ಬೇರೆ ಎಂದು ದೊಡ್ಡವರಿಗೆಲ್ಲ ಗೊತ್ತು. ಹೊಡೆದಾಡುವವನ ಹೆಸರನ್ನು ಕೊನೆಯಲ್ಲೂ ಹಾಕುವುದಿಲ್ಲ. ನೀವು ಆ ಒಳಗಿನ ಮನುಷ್ಯನಲ್ಲಿ ಏನನ್ನಾದರೂ ಕಂಡು ಹೀಗೆ ಬರೆದಿರಾ? ಹೌದು ಅಥವಾ ಇಲ್ಲ ಎಂದರೆ ಸಾಕು. ಇಷ್ಟು ಕೇಳಲು ನನಗೆ ಕಾರಣವಿದೆ. ಈಗ ಹೇಳಲಾರೆ.

ಮಿನೆಕೊ


ಓಕಿ ದ್ವೀಪ
೧೨ ಡಿಸೆಂಬರ್ ೧೯೮೨

ಮಿನೆಕೊ ಅವರೇ,

ಸಿಕ್ಕಿಬಿದ್ದೆ. ಹೌದು.

ಅದೇ ಮೂರನೆಯ ಕಂತು. ಕೊಕ್ಕರೆ ಜಾರಿದಾಗ ಎಡಗೈ ಚಾಚಿತಲ್ಲ, ನಾನು ಹಿಡಿದಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟೆ. ಈ ವೇಷದೊಳಗೆ ಒಬ್ಬ ಎಡಗೈಯವನಿದ್ದಾನೆ, ಯಾರೋ ಅವನನ್ನು ಬಲಗೈಯವನನ್ನಾಗಿ ಮಾಡಿ ನಿಲ್ಲಿಸಿದ್ದಾರೆ ಎಂದು ಹೊಳೆಯಿತು. ಮುಖವಾಡ ಮುಖವನ್ನು ಮುಚ್ಚಬಹುದು, ಮೈಯನ್ನು ಮುಚ್ಚಲಾಗದು. ಚಿತ್ರಕಾರನ ಕಣ್ಣು ಎಂದರೆ ಅದೇ ತಾನೆ? ಅಂದಿನಿಂದ ಅವನ ಕೈಯನ್ನು ಅವನಿಗೇ ಹಿಂತಿರುಗಿಸಿ ಬರೆಯುತ್ತ ಬಂದೆ. ಕಚೇರಿಯವರು ಆಕ್ಷೇಪಿಸಿದರು. ನಾನು ಬಗ್ಗಲಿಲ್ಲ.

ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ನೀವು ಕೇಳಿದ ರೀತಿಗೆ ಸೋತು ಹೇಳಿದೆ. ಈಗ ನಿಮ್ಮ ಕಾರಣವನ್ನು ಹೇಳುವ ಸರದಿ ನಿಮ್ಮದು. ನನಗೂ ಕುತೂಹಲ ತಡೆಯುತ್ತಿಲ್ಲ.

ನೆಗಿಶಿ


ನೆರಿಮಾ
೩ ಜನವರಿ ೧೯೮೩

ಮೇಷ್ಟ್ರೆ, ಹೊಸ ವರ್ಷದ ಶುಭಾಶಯ.

ವೇಷದೊಳಗಿನ ಮನುಷ್ಯ ನನ್ನ ಗಂಡ. ಹೆಸರು ಇವಾವೊ.

ಹೊರಗೆ ಹೇಳಬಾರದೆಂದು ಟೀವಿಯವರು ಅವರಿಂದ ಸಹಿ ಹಾಕಿಸಿಕೊಂಡಿದ್ದಾರೆ. ಕೊಕ್ಕರೆಯೊಳಗೆ ಒಬ್ಬ ಮನುಷ್ಯನಿದ್ದಾನೆಂದು ಮಕ್ಕಳಿಗೆ ತಿಳಿಯಬಾರದಂತೆ. ಅದಕ್ಕೇ ನಿಮ್ಮ ಹತ್ತಿರ ಇಷ್ಟು ದಿನ ಮುಚ್ಚಿಟ್ಟೆ.

ಇವಾವೊ ಹುಟ್ಟಾ ಎಡಗೈಯವರು. ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ಅಜ್ಜಿ ಅವರ ಎಡಗೈಯನ್ನು ಸೊಂಟದ ಪಟ್ಟಿಗೆ ಕಟ್ಟಿಹಾಕುತ್ತಿದ್ದರಂತೆ. ಶಾಲೆಯಲ್ಲಿ ಕುಂಚ ಎಡಗೈಗೆ ಹೋದರೆ ಅಡಿಕೋಲಿನ ಏಟು. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹೀಗೇ ಇತ್ತು. ಕೊನೆಗೆ ಊಟ, ಬರವಣಿಗೆ, ಕತ್ತಿ ಎಲ್ಲ ಬಲಗೈಗೆ ಬಂತು. ಟೀವಿಯಲ್ಲೂ ಮುಖದ ನಟ ಬಲಗೈಯವನಾದ್ದರಿಂದ ಇವರೂ ಬಲಗೈಯವರೇ ಆಗಬೇಕಾಯಿತು. ತಾನು ಎಡಚ ಎಂದು ಇವರು ಅಲ್ಲಿ ಯಾರಿಗೂ ಹೇಳಲೇ ಇಲ್ಲ. ಅದು ಊನ ಎಂದೇ ಕಲಿತು ಬೆಳೆದವರು ಹೇಗೆ ಹೇಳುತ್ತಾರೆ?

ಎಪ್ಪತ್ತೊಂದರಲ್ಲಿ ನಿಮ್ಮ ಮೊದಲ ಕಂತು ಅಚ್ಚಾದ ದಿನ ಮಾಸಿಕ ಹಿಡಿದು ಮನೆಗೆ ಬಂದರು. ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ಕೂತರು. "ಈ ಮನುಷ್ಯ ನೋಡ್ಬಿಟ್ಟಿದ್ದಾನೆ ಕಣೇ" ಎಂದರು. ಅಂದಿನಿಂದ ಒಂದು ಸಂಚಿಕೆಯನ್ನೂ ಬಿಟ್ಟಿಲ್ಲ. "ಪತ್ರ ಬರೆದು ಕೇಳಿ ಅಂದ್ರೆ" ಎಂದು ನಾನು ಎಷ್ಟು ಬಾರಿ ಪೀಡಿಸಿದ್ದೇನೋ. "ಸುಮ್ನಿರೇ, ಕೇಳಿದ್ರೆ ಹಾಳಾಗುತ್ತೆ" ಎನ್ನುತ್ತಿದ್ದರು. ನಾನೇ ಕದ್ದು ಬರೆದೆ.

ಯಾಕೆ ಈಗ ಎಂದರೆ, ಅವರಿಗೆ ನಲವತ್ತೆಂಟಾಯಿತು, ಮಂಡಿ ಸವೆದಿದೆ. ಈ ಸರಣಿ ಮಾರ್ಚಿಗೆ ಮುಗಿದು, ಏಪ್ರಿಲಿನಿಂದ ಹೊಸ ಕೊಕ್ಕರೆ ಬರುತ್ತಾನೆ, ಒಳಗೆ ಇಪ್ಪತ್ತಮೂರರ ಹುಡುಗ. ಅಷ್ಟರೊಳಗೆ ತಿಳಿದುಕೊಳ್ಳಬೇಕು ಎನಿಸಿತು.

ಮೊನ್ನೆ ಹಬ್ಬದ ದಿನ ಅಕ್ಕಿಯ ಮೋಚಿ ಕಡುಬಿನ ಸಾರು ಬಡಿಸಿ ನಿಮ್ಮ ಪತ್ರ ಓದಿ ಹೇಳಿದೆ. ಮೂರು ಬಾರಿ ಓದಿಸಿಕೊಂಡರು. ಸಾರು ತಣ್ಣಗಾಯಿತು. ಇಪ್ಪತ್ತು ವರ್ಷದಲ್ಲಿ ನಾನು ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ನಿಮಗೆ ಹೇಗೆ ಕೃತಜ್ಞತೆ ಹೇಳಲಿ, ತಿಳಿಯುತ್ತಿಲ್ಲ.

ಮಿನೆಕೊ


ಓಕಿ ದ್ವೀಪ
೧೪ ಜನವರಿ ೧೯೮೩

ಮಿನೆಕೊ ಅವರಿಗೆ,

ಪತ್ರ ತಲುಪಿತು. ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ಬಗ್ಗೆ ಅಷ್ಟೊಂದು ದೊಡ್ಡದಾಗಿ ಯೋಚಿಸುವುದು ಬೇಡ ಎಂದೂ ಹೇಳಿ.

ಇಲ್ಲಿ ಗಾಳಿ ಜೋರು. ವಾರದಲ್ಲಿ ನಾಲ್ಕು ದಿನ ಹಡಗು ನಿಲ್ಲುತ್ತಿದೆ. ಈ ಸಲ ಏಡಿ ಚೆನ್ನಾಗಿ ಸಿಕ್ಕಿದೆ, ಒಂದು ಪೆಟ್ಟಿಗೆ ಕಳುಹಿಸಿದ್ದೇನೆ. ಕೊನೆಯ ಕಂತಿನ ಚಿತ್ರಗಳನ್ನು ಮುಗಿಸಿ ನಿನ್ನೆ ಅಂಚೆಗೆ ಹಾಕಿದೆ. ನಿಮಗೆ ಗೊತ್ತಿರಬಹುದು, ಅಚ್ಚಿಗೆ ಸಮಯ ಬೇಕಾದ್ದರಿಂದ ನಾವು ಟೀವಿಗಿಂತ ಎರಡು ತಿಂಗಳು ಮುಂದಿರುತ್ತೇವೆ.

ಬೇರೇನೂ ವಿಶೇಷವಿಲ್ಲ.

ನೆಗಿಶಿ


ನೆರಿಮಾ
೨೭ ಜನವರಿ ೧೯೮೩

ಮೇಷ್ಟ್ರೆ,

ಏಡಿ ತಿಂದೆವು, ಬಹಳ ರುಚಿ. ನಿಮ್ಮ ಪುಟ್ಟ ಪತ್ರವನ್ನು ಇವಾವೊಗೆ ತೋರಿಸಿದೆ. "ನೋಡಿದ್ಯಾ, ದೊಡ್ಡೋರು ಹೀಗೇ. ಮಾಡಿದ್ದನ್ನ ಹೇಳ್ಕೊಳ್ಳಲ್ಲ" ಎಂದು ಮೆಚ್ಚಿಕೊಂಡರು.

ಇಂದು ಬರೆಯುತ್ತಿರುವುದು ಹೆದರಿಕೆಯಿಂದ.

ಹತ್ತು ದಿನದಿಂದ ಇವಾವೊ ಮನೆಯ ಹಿಂದೆ ಕೊಡೆ ಹಿಡಿದು ಬೀಸುತ್ತಿದ್ದಾರೆ. ಎಡಗೈಯಲ್ಲಿ. "ಏನ್ರೀ ಇದು?" ಎಂದು ಕೇಳಿದೆ. ಮೊದಲು ನಕ್ಕರು, ಆಮೇಲೆ ಹೇಳಿದರು. ಫೆಬ್ರವರಿ ಹದಿನಾರಕ್ಕೆ ಕ್ವಾರಿಯಲ್ಲಿ ಕೊನೆಯ ಕಾಳಗದ ಚಿತ್ರೀಕರಣ. ಎದುರಿಗೆ ಜರಿರಾಕ್ಷಸನ ವೇಷದಲ್ಲಿ ಓಬಾ ಎಂಬವರು, ಇವರ ಹಳೆಯ ಜೊತೆಗಾರ. ಇಬ್ಬರೂ ಆಳೆತ್ತರದ ಬಂಡೆಯ ಅಂಚಿನಲ್ಲಿ ನಿಂತು ಹೊಡೆದಾಡಬೇಕು. ಕ್ಯಾಮೆರಾ ಓಡುತ್ತಿರುವಾಗ ಇವರು ಇದ್ದಕ್ಕಿದ್ದಂತೆ ಕತ್ತಿಯನ್ನು ಎಡಗೈಗೆ ತೆಗೆದುಕೊಳ್ಳುತ್ತಾರಂತೆ.

ನಿಮಗೆ ಅದರ ಅಪಾಯ ತಿಳಿದಿರಲಿಕ್ಕಿಲ್ಲ. ಮುಖವಾಡದಲ್ಲಿ ಕಾಣುವುದು ಬೆರಳಗಲದ ಸಂದಿಯಿಂದ. ಓಬಾ ಅವರಿಗೆ ಅದೂ ಇಲ್ಲ, ರಾಕ್ಷಸನ ಬಾಯಿಯ ತೂತಿನಿಂದ ನೆಲ ಮಾತ್ರ ಕಾಣುತ್ತದೆ. ಇಬ್ಬರೂ ಮನಸ್ಸಿನಲ್ಲೇ ಎಣಿಸುತ್ತ, ನೆನಪಿನಿಂದ ಬೀಸುತ್ತಾರೆ, ನೆನಪಿನಿಂದ ತಪ್ಪಿಸಿಕೊಳ್ಳುತ್ತಾರೆ. ಬಲದಿಂದ ಬರಬೇಕಾದ ಏಟು ಎಡದಿಂದ ಬಂದರೆ ಓಬಾ ಏಟಿನತ್ತಲೇ ತಲೆ ಕೊಡುತ್ತಾರೆ. ಹಿಂದಕ್ಕೆ ಸರಿದರೆ ಅಂಚು. "ಅವ್ರಿಗಾದ್ರೂ ಮೊದ್ಲೇ ಹೇಳ್ಬಾರ್ದಾ?" ಎಂದೆ. "ಹೇಳಿದ್ರೆ ನಿರ್ದೇಶಕರಿಗೆ ಹೋಗುತ್ತೆ, ನಿಲ್ಲಿಸ್ತಾರೆ. ಯಾರಿಗೂ ತಿಳಿಯೋದು ಬೇಡ. ನೆಗಿಶಿ ಮೇಷ್ಟ್ರು ಟೀವಿ ಮುಂದೆ ಕೂತಿರ್ತಾರಲ್ಲ, ಅವರೊಬ್ರಿಗೆ ತಿಳಿದ್ರೆ ಸಾಕು" ಎಂದರು.

ನನ್ನ ಮಾತು ಅವರ ಕಿವಿಗೆ ಬೀಳುತ್ತಿಲ್ಲ. ನೀವು ಬೇಡ ಎಂದರೆ ಕೇಳುತ್ತಾರೆ. ಲೋಕದಲ್ಲಿ ಬೇರೆ ಯಾರು ಹೇಳಿದರೂ ಕೇಳುವುದಿಲ್ಲ. ದಯವಿಟ್ಟು ಒಂದು ಪತ್ರ ಬರೆಯಿರಿ.

ಮಿನೆಕೊ


ಓಕಿ ದ್ವೀಪ
೬ ಫೆಬ್ರವರಿ ೧೯೮೩
ತುರ್ತು ಅಂಚೆ

ಮಿನೆಕೊ ಅವರೇ,

"ದಯವಿಟ್ಟು ಹಾಗೆ ಮಾಡಬೇಡಿ" ಎಂದು ಇವಾವೊ ಅವರಿಗೆ ಎರಡು ಪತ್ರ ಬರೆದೆ, ಎರಡನ್ನೂ ಹರಿದೆ. ಎಷ್ಟು ಚೆನ್ನಾಗಿ ಬರೆದರೂ ಅವರು ಅದನ್ನು ದೊಡ್ಡವರ ವಿನಯ ಎಂದೇ ಓದುತ್ತಾರೆ. ಜನವರಿಯಲ್ಲಿ ಆದದ್ದೂ ಅದೇ.

ನಾನು ಸುಳ್ಳು ಹೇಳಿದ್ದೆ.

ಎಪ್ಪತ್ತೊಂದರಲ್ಲಿ ಕೊಕ್ಕರೆಯ ವೇಷ ಹೇಗಿದೆ ಎಂದು ತೋರಿಸಲು ನನಗೊಂದು ಫೋಟೋ ಕಳುಹಿಸಿದರು. ಅದನ್ನು ತೊಳೆದವರು ಫಿಲ್ಮನ್ನು ಮಗುಚಿ ಹಾಕಿ ಅಚ್ಚು ತೆಗೆದಿದ್ದರು. ಬಲ ಎಡವಾಗಿತ್ತು. ಎದೆಯ ಮೇಲಿನ ಗುರುತು ಎರಡೂ ಕಡೆ ಒಂದೇ ಥರ ಇರುವುದರಿಂದ ಯಾರಿಗೂ ಗೊತ್ತಾಗಲಿಲ್ಲ. ಫೋಟೋದಲ್ಲಿ ಇದ್ದಂತೆ ನಾನು ಬರೆದೆ, ಟೀವಿಯ ಮೂರನೆಯ ಕಂತು ಆಗಿನ್ನೂ ಬಂದೇ ಇರಲಿಲ್ಲ. ಮೂರು ಕಂತು ಅಚ್ಚಾದ ಮೇಲೆ ಕಚೇರಿಯಲ್ಲಿ ಯಾರೋ ಕಂಡುಹಿಡಿದರು. ಸಂಪಾದಕರು "ಹೋಗ್ಲಿ ಬಿಡಿ ನೆಗಿಶಿ, ಈಗ ತಿದ್ದಿದ್ರೆ ತಪ್ಪು ಅಂತ ಒಪ್ಕೊಂಡ ಹಾಗಾಗುತ್ತೆ" ಎಂದರು. ಬಿಟ್ಟೆ. ಕಥೆ ಇಷ್ಟೇ. ಕಣ್ಣೂ ಇಲ್ಲ, ಮಣ್ಣೂ ಇಲ್ಲ.

ಇನ್ನೂ ಒಂದಿದೆ, ಇದನ್ನು ಬರೆಯಲು ಹೆಚ್ಚು ನಾಚಿಕೆ. ನಾನು ಆ ಮೂರನೆಯ ಕಂತನ್ನು ನೋಡಿಲ್ಲ. ಮೊದಲು ಟೋಕಿಯೊದಲ್ಲಿದ್ದಾಗ ಶನಿವಾರ ಸಂಜೆ ಎಂದರೆ ಪುಟಗಳನ್ನು ಮುಗಿಸುವ ಗಡಿಬಿಡಿ. ಇಲ್ಲಿಗೆ ಬಂದ ಮೇಲೆ, ಈ ದ್ವೀಪಕ್ಕೆ ಆ ವಾಹಿನಿಯೇ ಬರುವುದಿಲ್ಲ. ಕಂದು ಲಕೋಟೆಯಲ್ಲಿ ಕಥೆಯ ಪ್ರತಿ ಬರುತ್ತದೆ, ಅದನ್ನು ಓದಿ ಬರೆಯುತ್ತೇನೆ. ಉಕ್ಕಿನ ಕೊಕ್ಕರೆಯನ್ನು ಹನ್ನೊಂದು ವರ್ಷ ಬರೆದವನು ಅವನು ನಡೆದಾಡುವುದನ್ನು ಒಮ್ಮೆಯೂ ಕಂಡಿಲ್ಲ. ಜಾರಿದ್ದು, ಬಂಡೆ ಹಿಡಿದದ್ದು ಎಲ್ಲ ನಿಮ್ಮ ಪತ್ರದಿಂದಲೇ ಎತ್ತಿಕೊಂಡೆ. ನನ್ನ ಕೆಲಸದ ಬಗ್ಗೆ ಯಾರೂ ಅಷ್ಟು ಆಸೆಯಿಂದ ಕೇಳಿರಲಿಲ್ಲ. ಹೌದು ಎನ್ನಬೇಕೆನಿಸಿತು.

ಫೋನು ಮಾಡಬಹುದಿತ್ತು. ಕಚೇರಿಯಲ್ಲಿ ಕೇಳಿದರೆ ನಂಬರು ಸಿಗುತ್ತಿತ್ತು. ಧೈರ್ಯ ಬರಲಿಲ್ಲ. ಈ ಪತ್ರವನ್ನು ಅವರಿಗೆ ಕೊಡಿ. ನನ್ನನ್ನು ಬೈಯಲಿ, ಬಂಡೆಯ ಮೇಲೆ ಮಾತ್ರ ನನಗಾಗಿ ಏನೂ ಮಾಡದಿರಲಿ. ಆ ದಿನ ನಾನು ಟೀವಿಯ ಮುಂದೆ ಕೂತಿರುವುದಿಲ್ಲ.

ನೆಗಿಶಿ

೮ನೇ ತಾರೀಕು: ಹಡಗು ಎರಡು ದಿನದಿಂದ ಹೊರಟಿಲ್ಲ. ಈಗ ಹೊರಡುತ್ತದಂತೆ. ಓಡುತ್ತಿದ್ದೇನೆ.


ನೆರಿಮಾ
೧೨ ಫೆಬ್ರವರಿ ೧೯೮೩

ನೆಗಿಶಿ ಅವರಿಗೆ,

ಪತ್ರ ನಿನ್ನೆ ಬಂತು. ಇನ್ನೂ ಕೊಟ್ಟಿಲ್ಲ. ಗುಂಡಿಯ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ.

ನಿಮ್ಮ ಮೇಲೆ ಕೋಪ ಬಂದಿದೆ. ಅದಕ್ಕಿಂತ ಹೆಚ್ಚು ನನ್ನ ಮೇಲೆ. ಕೇಳಿದರೆ ಹಾಳಾಗುತ್ತದೆ ಎಂದು ಅವರು ಹೇಳಿರಲಿಲ್ಲವೇ? ನನ್ನ ಕುತೂಹಲಕ್ಕೆ ಬೆಂಕಿ ಹಾಕ. ಕೊಟ್ಟರೆ ಅವರ ಹತ್ತಿರ ಇದ್ದದ್ದೊಂದೂ ಹೋಗುತ್ತದೆ. ಕೊಡದಿದ್ದರೆ ಓಬಾ ಅವರ ಹೆಂಡತಿಯ ಮುಖ ನೋಡುವುದು ಹೇಗೆ? ಇನ್ನು ನಾಲ್ಕು ದಿನ. ಇವಾವೊ ಹಿತ್ತಲಲ್ಲಿ ಹಾಡು ಗುನುಗುತ್ತ ಕೊಡೆ ಬೀಸುತ್ತಿದ್ದಾರೆ.

ಮಿನೆಕೊ


ನೆರಿಮಾ
೧ ಮಾರ್ಚ್ ೧೯೮೩

ನೆಗಿಶಿ ಶೋಸಾಕು ಅವರಿಗೆ,

ಅಕ್ಷರ ಸೊಟ್ಟಗಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಶುರುಮಾಡಿ ಮೂರು ದಿನವಾಯಿತು. ಒಂದನೇ ತರಗತಿಯ ಮಗು ಇದಕ್ಕಿಂತ ಚೆನ್ನಾಗಿ ಬರೆಯುತ್ತದೆ ಎಂದು ಮಿನೆಕೊ ನಗುತ್ತಿದ್ದಾಳೆ.

ನಿಮ್ಮ ಪತ್ರವನ್ನು ಹದಿನಾಲ್ಕರ ಬೆಳಿಗ್ಗೆ ಕೊಟ್ಟಳು. ಓದಿದೆ. ಕೋಪ ಬಂತು. ಬರಲಿಲ್ಲ ಎಂದರೆ ನಾನೂ ನಿಮ್ಮಂತೆ ಸುಳ್ಳುಗಾರನಾಗುತ್ತೇನೆ. ಹನ್ನೊಂದು ವರ್ಷದ ಸಂಚಿಕೆಗಳನ್ನೆಲ್ಲ ಹೊರಗೆಳೆದು, ಹಳೇ ಪೇಪರಿನವನಿಗೆ ಹಾಕಲೆಂದು ಹಗ್ಗ ಬಿಗಿದು ಬಾಗಿಲಲ್ಲಿಟ್ಟೆ. ಅವನು ಅಂದು ಬರಲಿಲ್ಲ. ಮರುದಿನ ಮಿನೆಕೊ ಅವನ್ನು ಮತ್ತೆ ಒಳಗಿಟ್ಟಳು. ನಾನು ನೋಡಿಯೂ ನೋಡದವನಂತೆ ಇದ್ದೆ.

ಆ ಎರಡು ದಿನ ಯೋಚಿಸಿದೆ. ಒಬ್ಬನಿಗಾದರೂ ಗೊತ್ತಿದೆ ಎಂದುಕೊಂಡಿದ್ದರಿಂದಲೇ ನಾನು ಇನ್ಯಾರಿಗೂ ಹೇಳಿರಲಿಲ್ಲ. ಓಬಾ ಹನ್ನೊಂದು ವರ್ಷ ನನ್ನ ಕತ್ತಿಯ ಎದುರು ನಿಂತವನು. ಅವನಿಗೂ ಹೇಳಿರಲಿಲ್ಲ. ಯಾರೂ ನೋಡಿಲ್ಲ ಎಂದು ತಿಳಿದ ಮೇಲೆ ಬಾಯಿ ಬಿಡದೆ ಬೇರೆ ದಾರಿ ಇರಲಿಲ್ಲ.

ಹದಿನಾರರ ಬೆಳಿಗ್ಗೆ ಕ್ವಾರಿಯಲ್ಲಿ, ಮುಖವಾಡ ಹಾಕುವ ಮುಂಚೆ ಹೇಳಿದೆ. "ಓಬಾ, ನಾನು ಎಡಚ ಕಣೋ."

ಅವನು ರಾಕ್ಷಸನ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನೇ ನೋಡಿದ. "ಥೂ ನಿನ್ನ! ಅದಕ್ಕೇನೋ ನಿನ್ನ ಏಟು ಯಾವಾಗ್ಲೂ ಒಂದು ಚೂರು ತಡವಾಗಿ ಬರ್ತಿದ್ದಿದ್ದು? ಹನ್ನೊಂದು ವರ್ಷದಿಂದ ನಾನೇ ಒಂದು ಚೂರು ಕಾದು ತಪ್ಪಿಸ್ಕೋತಾ ಇದೀನಿ. ಸೋಮಾರಿ ಅಂದ್ಕೊಂಡಿದ್ದೆ ನಿನ್ನ!"

ನೋಡಿದಿರಾ, ಗಮನಿಸಿದವನು ಇದ್ದ. ಮೂರು ಅಡಿ ದೂರದಲ್ಲೇ ಇದ್ದ. ನಾನು ಓಕಿ ದ್ವೀಪದತ್ತ ನೋಡುತ್ತಿದ್ದೆ.

ಓಬಾ ನನ್ನನ್ನು ಎಳೆದುಕೊಂಡು ಹೋಗಿ ನಿರ್ದೇಶಕರಿಗೂ ಹೇಳಿದ. ಅವರು ಸಿಗರೇಟನ್ನು ಕಾಲಿನಿಂದ ಹೊಸಕಿದರು. "ಬೇಡ ಹಿರಾತ್ಸುಕಾ. ಕೊನೇ ದಿನ ಕೈ ಬದಲಾದ್ರೆ, ಇವ್ನು ನಮ್ಮ ಕೊಕ್ಕರೆ ಅಲ್ಲ ಅಂದ್ಕೊಂಡು ಮಕ್ಳು ಅಳ್ತಾರೆ" ಎಂದರು. ನ್ಯಾಯವಾದ ಮಾತು. ಬಲಗೈಯಲ್ಲೇ ಮಾಡಿದೆವು. ಓಬಾ ಎಂದಿನಂತೆ ಒಂದು ಚೂರು ಕಾದು ತಪ್ಪಿಸಿಕೊಂಡ, ಎಂದಿನಂತೆ ಸತ್ತ. ಈ ತಿಂಗಳ ಇಪ್ಪತ್ತಾರು, ಶನಿವಾರ, ಟೀವಿಯಲ್ಲಿ ಅದೇ ಬರುತ್ತದೆ.

ಎಲ್ಲ ಮುಗಿದ ಮೇಲೆ ಇನ್ನೂ ಬಿಸಿಲಿತ್ತು. ದೀಪದವರು ತಂತಿ ಸುತ್ತುತ್ತಿದ್ದರು. ಓಬಾ "ಬಾರೋ, ಒಂದ್ಸಲ ನಿನ್ನ ಕೈಯಲ್ಲಿ ಬಾ" ಎಂದ. ಬಂಡೆಯ ಮೇಲಲ್ಲ, ಕೆಳಗೆ ಸಮನೆಲದಲ್ಲಿ, ಒಂದೊಂದು ಏಟನ್ನೂ ಬಾಯಲ್ಲಿ ಎಣಿಸುತ್ತ, ನಿಧಾನವಾಗಿ. ಕ್ಯಾಮೆರಾ ಓಡಲಿಲ್ಲ. ದೀಪದವರು ನಿಂತು ನೋಡಿದರು, ಚಹಾದವಳು ನೋಡಿದಳು, ಏಪ್ರಿಲಿನಿಂದ ಕೊಕ್ಕರೆಯಾಗುವ ಹುಡುಗನೂ ನೋಡಿದ. ನಾನು ಮುಖವಾಡದೊಳಗೆ ಅತ್ತೆ. ಬೆವರು ಎಂದುಕೊಂಡಿರುತ್ತಾರೆ.

ಇಂದು ಬೆಳಿಗ್ಗೆ ಮಾಸಿಕ ಬಂತು, ನಿಮ್ಮ ಕೊನೆಯ ಕಂತು. ಪುಟ ತಿರುಗಿಸಿ ಕಾಳಗದ ಚಿತ್ರ ನೋಡಿದೆ. ಅಂದು ಕೆಳಗೆ ಹೊಡೆದಾಡಿದ ಮೈಯಿಂದ ನೋಡಿದೆ. ಮೇಷ್ಟ್ರೆ, ಅದು ನಾನಲ್ಲ. ಎಡಗೈಯವನು ಹಾಗೆ ನಿಲ್ಲುವುದಿಲ್ಲ. ಕಾಲಿನ ತೂಕ ತಪ್ಪು, ಸೊಂಟ ತಪ್ಪು. ನನ್ನ ಎಡಭುಜಕ್ಕೆ ಹಳೆಯ ಪೆಟ್ಟಿದೆ, ಅದು ಅಷ್ಟು ಮೇಲೆ ಏಳುವುದೇ ಇಲ್ಲ. ಬಲಗೈಯವನನ್ನು ಮಗುಚಿ ಹಾಕಿದರೆ ಎಡಗೈಯವನಾಗುವುದಿಲ್ಲ. ಹಳೆಯ ಸಂಚಿಕೆಗಳನ್ನೆಲ್ಲ ಬಿಚ್ಚಿ ನೋಡಿದೆ, ಎಲ್ಲದರಲ್ಲೂ ಹಾಗೇ ಇದೆ. ಹನ್ನೊಂದು ವರ್ಷ ಪ್ರತಿ ತಿಂಗಳು ನೋಡಿದ ನನಗೇ ಅದು ಕಂಡಿರಲಿಲ್ಲ. ಹಾಗಾದರೆ ನೋಡದವರು ನೀವೊಬ್ಬರೇ ಅಲ್ಲ. ಆ ಲೆಕ್ಕದಲ್ಲಿ ನಿಮ್ಮ ಮೇಲಿನ ಕೋಪ ಅರ್ಧ ಇಳಿಯಿತು.

ಉಳಿದ ಅರ್ಧ ಇದೆ. ಏಪ್ರಿಲ್ ಮೂರು, ಭಾನುವಾರ, ನಾನು ಮನೆಯಲ್ಲಿರುತ್ತೇನೆ. ಅಷ್ಟರಲ್ಲಿ ಗಾಳಿ ಇಳಿದು ಹಡಗು ಓಡುತ್ತಿರುತ್ತದಂತೆ, ಮಿನೆಕೊ ವಿಚಾರಿಸಿದ್ದಾಳೆ. ಏಡಿ ಬೇಡ, ಪೆನ್ಸಿಲು ತನ್ನಿ. ವೇಷ ಇರುವುದಿಲ್ಲ, ಅದನ್ನು ಹುಡುಗನಿಗೆ ಕೊಟ್ಟಾಗಿದೆ. ಹಿತ್ತಲಲ್ಲಿ ನಿಂತು ತೋರಿಸುತ್ತೇನೆ. ಮಂಡಿ ನೋವು, ಹೆಚ್ಚು ಹೊತ್ತು ನಿಲ್ಲಲಾರೆ.

ಈ ಸಲ ನೋಡಿ ಬಿಡಿಸಿ.

ಹಿರಾತ್ಸುಕಾ ಇವಾವೊ